ಕರೆಂಟು ಹೋದರೂ ನಿಲ್ಲದ ಓದು: ನಿಮ್ಮದೇ ಡಿಜಿಟಲ್ ಕಲಿಕಾ ವ್ಯವಸ್ಥೆ

ಆ್ಯಪ್ ಹುಡುಕುವುದರಿಂದ ಶುರು ಮಾಡಬೇಡಿ. ಮೂರು ತಿಂಗಳಿಗೆ ಒಂದೇ ವಿಷಯ ಗೊತ್ತು ಮಾಡಿಕೊಳ್ಳಿ, ಅದನ್ನೂ ಮಾಡಿ ತೋರಿಸಬಹುದಾದ ಕೆಲಸವಾಗಿ ಬರೆದಿಡಿ. 'ಸ್ಟ್ಯಾಟಿಸ್ಟಿಕ್ಸ್ ಕಲಿಯಬೇಕು' ಎಂದುಕೊಂಡರೆ ಎಲ್ಲಿಗೂ ಮುಟ್ಟುವುದಿಲ್ಲ. 'ಮಲ್ಪೆಯ ಒಂದು ತಿಂಗಳ ಮೀನಿನ ದರ ಬರೆದುಕೊಂಡು ಏರಿಳಿತದ ಗ್ರಾಫ್ ಹಾಕಬೇಕು' ಎಂದರೆ ಯಾವ ಪಾಠ ಬೇಕು, ಯಾವುದು ಬೇಡ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಾಧನ ಮೂರು ಸಾಕು. ಪಾಠಕ್ಕೆ ಎನ್‌ಪಿಟಿಇಎಲ್, ಐಐಟಿಗಳ ಆನ್‌ಲೈನ್ ಪಾಠದ ತಾಣ. ವಿಡಿಯೊ ನೋಡಲಿಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಟಿಪ್ಪಣಿಗೆ ಜಾಪ್ಲಿನ್ ಅಥವಾ ಅಬ್ಸಿಡಿಯನ್. ಎರಡರಲ್ಲೂ ಬರಹವನ್ನು ಸಾದಾ ಮಾರ್ಕ್‌ಡೌನ್ ಕಡತಗಳಾಗಿ ಹೊರತೆಗೆದಿಟ್ಟುಕೊಳ್ಳಬಹುದು, ನಾಳೆ ಆ್ಯಪ್ ಮುಚ್ಚಿಹೋದರೂ ನೋಟ್‌ಪ್ಯಾಡ್‌ನಲ್ಲಿ ತೆರೆದೀತು. ನೆನಪಿಗೆ ಆ್ಯಂಕಿ, ಪ್ರಶ್ನೆ-ಉತ್ತರದ ಕಾರ್ಡುಗಳನ್ನು ಮರೆಯುವ ಹೊತ್ತಿಗೆ ಮತ್ತೆ ತೋರಿಸುವ ಆ್ಯಪ್.

ಟಿಪ್ಪಣಿಯನ್ನು ವಿಡಿಯೊ ನಿಲ್ಲಿಸಿದ ಮೇಲೆ, ನೆನಪಿನಿಂದ ಬರೆಯಿರಿ. ನೋಡುತ್ತ ಬರೆದರೆ ಅದು ನಕಲು, ಅಷ್ಟೆ. ಬಂಗುಡೆ ಕಿಲೋಗೆ ಐದು ದಿನ 160, 170, 180, 190, 400 ರೂಪಾಯಿ ಇತ್ತು ಎಂದಿಟ್ಟುಕೊಳ್ಳಿ. ಸರಾಸರಿ 220, ಆದರೆ ನಾಲ್ಕು ದಿನ ದರ ಅದಕ್ಕಿಂತ ಕಡಿಮೆಯೇ. ನಡುವಿನ ಬೆಲೆ 180. ಈಗ ಟಿಪ್ಪಣಿಯ ತಲೆಬರಹ 'ಸರಾಸರಿ' ಎಂದಾಗಬಾರದು. 'ಒಂದೇ ದುಬಾರಿ ದಿನ ಸರಾಸರಿಯನ್ನು ಮೇಲೆಳೆಯುತ್ತದೆ' ಎಂದಾಗಬೇಕು. ಆ್ಯಂಕಿ ಕಾರ್ಡಿನಲ್ಲಿಯೂ ವ್ಯಾಖ್ಯೆ ಕೇಳಬೇಡಿ. ಆ ಐದು ಅಂಕಿ ಕೊಟ್ಟು '220 ಯಾಕೆ ದಾರಿ ತಪ್ಪಿಸುತ್ತದೆ?' ಎಂದು ಕೇಳಿ.

ಆ್ಯಂಕಿ ಬಿಟ್ಟುಬಿಡುವವರು ಬಿಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅದು ದಿನಕ್ಕೆ 20 ಹೊಸ ಕಾರ್ಡು ಕೊಡುವಂತೆ ಹೊಂದಿಸಿಯೇ ಬರುತ್ತದೆ. ಕೆಲವು ವಾರದಲ್ಲಿ ಪುನರಾವರ್ತನೆಯ ರಾಶಿ ಅದರ ಸುಮಾರು ಹತ್ತು ಪಟ್ಟು ಆಗುತ್ತದೆ. ಸೆಟ್ಟಿಂಗ್‌ನಲ್ಲಿ 5ಕ್ಕೆ ಇಳಿಸಿ. ಆಗ ದಿನಕ್ಕೆ ಐವತ್ತರಷ್ಟು, ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಮುಗಿದೀತು. ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಸಿಂಕ್ ಮಾಡುವಾಗ 'ಅಪ್‌ಲೋಡ್ ಅಥವಾ ಡೌನ್‌ಲೋಡ್' ಎಂದು ಕೇಳಿದರೆ ಕಣ್ಣುಮುಚ್ಚಿ ಒತ್ತಬೇಡಿ, ಒಂದು ಕಡೆಯದು ಪೂರ್ತಿ ಅಳಿಯುತ್ತದೆ. ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಕನ್ನಡದಲ್ಲಿ ಓದುವವರಿಗೆ ಬೇರೆಯೇ ಒಂದು ತಾಪತ್ರಯ ಉಂಟು. 'ನುಡಿ', 'ಬರಹ' ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. 'ಸರಾಸರಿ' ಎಂದು ಹುಡುಕಿದರೆ ಏನೂ ಸಿಗದು. ಯೂನಿಕೋಡ್‌ಗೆ ಪರಿವರ್ತಿಸಿಯೇ ಸಂಗ್ರಹಕ್ಕೆ ಸೇರಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಸ್ಕ್ಯಾನ್ ಮಾಡಿದ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬರುತ್ತದೆ, ತಪ್ಪು ತಿದ್ದುವ ಕೆಲಸ ನಿಮ್ಮದು.

ಇನ್ನು ಮಳೆಗಾಲ. ಗುಡುಗು ಶುರುವಾಗುವ ಮೊದಲೇ ರೂಟರಿನ ಅಡಾಪ್ಟರ್ ಕಿತ್ತಿಡಿ. ಫೈಬರ್ ತಂತಿಯ ಗಾಜಿನಲ್ಲಿ ವಿದ್ಯುತ್ ಹರಿಯದು ನಿಜ, ಸಿಡಿಲಿನ ಏಟು ಬರುವುದು ಪ್ಲಗ್ಗಿನ ದಾರಿಯಲ್ಲಿ. ರೂಟರಿಗೆ ಮಿನಿ ಯುಪಿಎಸ್ ಕೊಳ್ಳುವಾಗ ಅಡಿಯ ಚೀಟಿಯಲ್ಲಿರುವ ವೋಲ್ಟ್ ನೋಡಿ, ಹೆಚ್ಚಿನವು 12 ವೋಲ್ಟ್. ಮರ ಬಿದ್ದು ಕೇಬಲ್ಲೇ ತುಂಡಾದರೆ ಯುಪಿಎಸ್ ಇದ್ದು ಏನು ಮಾಡೀತು ಮಾರಾಯ್ರೆ? ಹಾಗಾಗಿ ಮುಂದಿನ ಎರಡು ವಾರದ ಪಾಠ ಮೊದಲೇ ಇಳಿಸಿಡಿ. ವಿಕಿಪೀಡಿಯವನ್ನು ಕಿವಿಕ್ಸ್ ಆ್ಯಪಿನಲ್ಲಿ ಇಂಟರ್ನೆಟ್ ಇಲ್ಲದೆಯೂ ಓದಬಹುದು. ಕನ್ನಡದ್ದು ಚಿಕ್ಕ ಕಡತ, ಇಂಗ್ಲಿಷಿನದು ಚಿತ್ರಸಮೇತ 100 ಜಿಬಿಗೂ ದೊಡ್ಡದು, ಲೇಖನಗಳ ಮೊದಲ ಭಾಗ ಮಾತ್ರ ಇರುವ ಚಿಕ್ಕ ಆವೃತ್ತಿಯೂ ಉಂಟು. 32 ಜಿಬಿ ಮೆಮೊರಿ ಕಾರ್ಡಿಗೆ ಆ ಚಿಕ್ಕದನ್ನು ಹಾಕಲು ಹೋದರೂ, ಜಾಗ ಇದ್ದೂ ನಕಲಾಗದು. ಅಂಥ ಕಾರ್ಡು ಫ್ಯಾಟ್32 ಎಂಬ ಹಳೇ ಕಡತ ವ್ಯವಸ್ಥೆಯಲ್ಲಿ ಬರುವುದರಿಂದ 4 ಜಿಬಿಗಿಂತ ದೊಡ್ಡ ಒಂಟಿ ಕಡತ ಹಿಡಿಸದು. ಎಕ್ಸ್‌ಫ್ಯಾಟ್ (ಆ ಮಿತಿ ಇಲ್ಲದ ವ್ಯವಸ್ಥೆ) ಇರುವ 64 ಜಿಬಿ ಕಾರ್ಡು ತನ್ನಿ.

ತಿಂಗಳಿಗೊಮ್ಮೆ ವೈಫೈ, ಡೇಟಾ ಎರಡನ್ನೂ ಆರಿಸಿ ಅರ್ಧ ಗಂಟೆ ಓದಿ ನೋಡಿ. ಯಾವುದು ತೆರೆಯಲಿಲ್ಲವೋ ಅದನ್ನು ಅವತ್ತೇ ಇಳಿಸಿಡಿ.