ಕಂಪ್ಯೂಟರಿನ ದನಿ ತಿಳಿಯಾಗಲಿ: ಸೌಂಡ್ ಕಾರ್ಡ್ ಆರಿಸುವುದು, ಕೂರಿಸುವುದು

ನಮ್ಮ ಚಿಕ್ಕಪ್ಪ ಜಗಳೂರು ಸೀಮೆಯ ಊರುಗಳಲ್ಲಿ ದೊಡ್ಡಾಟಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಒಂದು ರಾತ್ರಿಯ ಆಟವನ್ನು ಯಾರೋ ಪುಣ್ಯಾತ್ಮರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. 90 ನಿಮಿಷದ ನಾಲ್ಕು ಕ್ಯಾಸೆಟ್. ಕಳೆದ ಬೇಸಿಗೆಯಲ್ಲಿ ಅವನ್ನು ದಾವಣಗೆರೆಯ ನಮ್ಮ ಮನೆಗೆ ತಂದೆ. ಟೇಪ್ ರೆಕಾರ್ಡರಿನಿಂದ ಒಂದು ವೈರ್ ಎಳೆದು ಕಂಪ್ಯೂಟರಿಗೆ ಚುಚ್ಚಿ, ಮೊದಲನೇ ಕ್ಯಾಸೆಟ್ ಪೂರ್ತಿ ಇಳಿಸಿಕೊಂಡೆ. ಸಂಜೆ ಚಿಕ್ಕಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಐದು ನಿಮಿಷ ಕೇಳಿ ತೆಗೆದು ಕೊಟ್ಟರು. "ಪದ ಐತಪ್ಪ, ಆದ್ರೆ ತಿದಿ ಉಸಿರೇ ಇಲ್ಲ. ಹಿಂದೆ ಅದೇನೋ ಜೀರುಂಡೆ ಕೂಗ್ತೈತಲ್ಲ?"

ತಿದಿ ಅಂದರೆ ಹಾರ್ಮೋನಿಯಮ್ಮಿಗೆ ಗಾಳಿ ತುಂಬುವ ಚೀಲ. ಜೀರುಂಡೆ ನಿಜವಾಗಿಯೂ ಇತ್ತು. ರೆಕಾರ್ಡಿಂಗ್ ನಡೆಯುವಾಗ ನಾನು ಮೌಸ್ ಆಡಿಸಿದಾಗಲೆಲ್ಲ ಒಂದು ಚಿರ್ ಚಿರ್ ಸದ್ದು ಪದದ ಜೊತೆ ದಾಖಲಾಗಿತ್ತು. ಅದು ಕ್ಯಾಸೆಟ್ಟಿನದಲ್ಲ, ಕಂಪ್ಯೂಟರಿನ ಹೊಟ್ಟೆಯದು. ಅದನ್ನು ಹೊರಗೆ ಹಾಕುವ ದಾರಿ ಹುಡುಕುತ್ತ, ಕಂಪ್ಯೂಟರಿಗೆ ದನಿ ಕೊಡುವ ಸೌಂಡ್ ಕಾರ್ಡಿನ ಬಗ್ಗೆ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಹಾಡು ಕೇಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಹಳೆಯ ದನಿಗಳನ್ನು ಇಟ್ಟುಕೊಂಡವರಿಗೆ ಇನ್ನೂ ಹೆಚ್ಚು.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ಕಂಪ್ಯೂಟರಿಗೆ ಹೆಡ್‌ಫೋನ್ ಚುಚ್ಚಿ, ಏನನ್ನೂ ಹಾಡಿಸದೆ ವಾಲ್ಯೂಮ್ ಮುಕ್ಕಾಲು ಭಾಗ ಏರಿಸಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸುಮ್ಮನೆ ಕೇಳಿ. ಮೌಸ್ ಆಡಿಸಿ, ದೊಡ್ಡ ಫೈಲೊಂದನ್ನು ಕಾಪಿ ಮಾಡಿ. ಸದ್ದು ಬದಲಾದರೆ ಕಾಯಿಲೆ ಕಂಪ್ಯೂಟರಿನ ಒಳಗೇ ಇದೆ ಎಂದರ್ಥ. ಈಗ ಹೆಡ್‌ಫೋನನ್ನು ಕ್ಯಾಬಿನೆಟ್ಟಿನ ಮುಂಭಾಗದ ತೂತಿನಿಂದ ಕಿತ್ತು, ಹಿಂಭಾಗದ ಹಸಿರು ತೂತಿಗೆ ಹಾಕಿ. ಎಷ್ಟೋ ಜನರ ತೊಂದರೆ ಇಷ್ಟಕ್ಕೇ ತೀರುತ್ತದೆ. ಮುಂಭಾಗದ ತೂತಿಗೆ ಹೋಗುವ ತೆಳ್ಳನೆಯ ವೈರು ಗ್ರಾಫಿಕ್ಸ್ ಕಾರ್ಡ್, ಫ್ಯಾನುಗಳ ಪಕ್ಕದಲ್ಲೇ ಹಾದು ಬರುವುದರಿಂದ ದಾರಿಯಲ್ಲಿ ಸಿಕ್ಕ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ನೋಡಿ. ಗುಂಯ್ ಸದ್ದು ತಟ್ಟನೆ ನಿಂತರೆ ತಪ್ಪು ಚಾರ್ಜರ್ ಅಥವಾ ಅರ್ಥಿಂಗಿನದು.

ಕಂಪ್ಯೂಟರಿನ ಸ್ಪೀಕರಿಗೆ ಮೊಬೈಲ್ ಜೋಡಿಸಿಯೂ ಕೇಳಿ. ಮೊಬೈಲಿನಲ್ಲೂ ದನಿ ಡಬ್ಬದೊಳಗಿಂದ ಬಂದ ಹಾಗೇ ಇದ್ದರೆ ಸ್ಪೀಕರನ್ನೇ ಬದಲಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಲುವುದಾದರೆ ಮೊದಲು ಒಳ್ಳೆಯ ಹೆಡ್‌ಫೋನ್ ಅಥವಾ ಸ್ಪೀಕರ್ ತನ್ನಿ, ಕಾರ್ಡ್ ಆಮೇಲೆ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ನೀವು ಬ್ಲೂಟೂತ್ ಹೆಡ್‌ಫೋನಿನಲ್ಲೋ, ಯುಎಸ್‌ಬಿ ಹೆಡ್‌ಸೆಟ್ಟಿನಲ್ಲೋ, ಎಚ್‌ಡಿಎಂಐ ವೈರಿನ ಮೂಲಕ ಟಿವಿಯಲ್ಲೋ ಕೇಳುವವರಾದರೆ ಸೌಂಡ್ ಕಾರ್ಡ್ ಹಾಕಿಸಿ ಪ್ರಯೋಜನವಿಲ್ಲ. ಅಲ್ಲಿ ಅಂಕಿಗಳನ್ನು ದನಿಯಾಗಿ ಮಾಡುವ ಕೆಲಸ ಆ ಹೆಡ್‌ಫೋನ್ ಅಥವಾ ಟಿವಿಯ ಒಳಗೇ ನಡೆಯುತ್ತದೆ. ನಿಮ್ಮ ಕಾರ್ಡಿನ ಹತ್ತಿರಕ್ಕೂ ಆ ದನಿ ಬರುವುದಿಲ್ಲ.

ಕಾರ್ಡ್ ಮಾಡುವ ಕೆಲಸವಾದರೂ ಏನು

ಕಂಪ್ಯೂಟರಿನಲ್ಲಿ ಹಾಡು ಅಂದರೆ ಅಂಕಿಗಳ ಸಾಲು. ಆಡಿಯೊ ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳೆದ, 16 ಬಿಟ್‌ನ ಅಂಕಿಗಳಿರುತ್ತವೆ. ಅದನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡುವ ಚಿಪ್ ಒಂದು, ಮೈಕಿನಿಂದ ಬಂದ ಅಲೆಯನ್ನು ಮತ್ತೆ ಅಂಕಿಯಾಗಿಸುವ ಚಿಪ್ ಒಂದು, ಜೊತೆಗೊಂದು ಪುಟ್ಟ ಆಂಪ್ಲಿಫೈಯರ್. ಸೌಂಡ್ ಕಾರ್ಡಿನ ಮುಖ್ಯ ಸಾಮಾನು ಇಷ್ಟೇ.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಾಗ ಪಿಸಿಗೆ ಪ್ರತ್ಯೇಕ ಕಾರ್ಡ್ ಬೇಕೇ ಬೇಕಿತ್ತು. ಅದಿಲ್ಲದ ಯಂತ್ರ ಬೀಪ್ ಅನ್ನುವುದರಾಚೆ ಹೆಚ್ಚೇನೂ ಮಾಡುತ್ತಿರಲಿಲ್ಲ. ಇಂಟೆಲ್ 1997ರಲ್ಲಿ ಎಸಿ 97, 2004ರಲ್ಲಿ ಎಚ್‌ಡಿ ಆಡಿಯೊ ಎಂಬ ಪದ್ಧತಿಗಳನ್ನು ತಂದ ಮೇಲೆ ಸೌಂಡ್ ಚಿಪ್ ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಮೇಲೇ ಬಂದು ಕೂತಿತು. ಇಂದಿನ ಬೋರ್ಡುಗಳಲ್ಲಿ ಬಹುಪಾಲು ರಿಯಲ್‌ಟೆಕ್ ಚಿಪ್ಪೇ ಇರುತ್ತದೆ. ಚಿಪ್ ಕೆಟ್ಟದ್ದೇನಲ್ಲ, ಅದರ ನೆರೆಹೊರೆ ಗದ್ದಲದ್ದು. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬ), ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳೆಲ್ಲ ಒಂದೇ ಕ್ಯಾಬಿನೆಟ್ಟಿನೊಳಗೆ ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟ್ ಎಳೆದು ಬಿಡುತ್ತಿರುತ್ತವೆ. ಮಂಡಿಪೇಟೆಯಲ್ಲಿ ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ ಪಿಟೀಲು ಶ್ರುತಿ ಮಾಡಲು ಕೂತಂತೆ ಅದರ ಪಾಡು. ಪ್ರತ್ಯೇಕ ಕಾರ್ಡ್ ಆ ಶ್ರುತಿ ಮಾಡುವವನನ್ನು ಒಂದು ಕೋಣೆಗೆ ಕರೆದೊಯ್ಯುತ್ತದೆ, ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡಬ್ಬಿ ಊರಾಚೆಗೇ ಕರೆದೊಯ್ಯುತ್ತದೆ.

ಒಳಗಿನ ಕಾರ್ಡೋ, ಹೊರಗಿನ ಡಬ್ಬಿಯೋ

ಲ್ಯಾಪ್‌ಟಾಪಿನವರಿಗೆ ಯುಎಸ್‌ಬಿ ಒಂದೇ ದಾರಿ. ಡೆಸ್ಕ್‌ಟಾಪ್ ಇದ್ದವರು ಕ್ಯಾಬಿನೆಟ್ ತೆರೆದು ಮೊದಲು ಖಾಲಿ ಸ್ಲಾಟ್ ನೋಡಿಕೊಳ್ಳಬೇಕು. ಈಗಿನ ಒಳಗಿನ ಕಾರ್ಡುಗಳಿಗೆ, ಉದಾಹರಣೆಗೆ ಸೌಂಡ್ ಬ್ಲಾಸ್ಟರ್ ಆಡಿಜಿ ಎಫ್‌ಎಕ್ಸ್ ಅಥವಾ ಏಸುಸ್ ಕ್ಸೋನಾರ್ ಎಸ್‌ಇ ತರಹದವಕ್ಕೆ, ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್ 1 ಎಂಬ ಗೇಣಿಗಿಂತ ಬಹಳ ಚಿಕ್ಕ ಸ್ಲಾಟ್ ಸಾಕು. ಅದು ಖಾಲಿ ಇಲ್ಲದಿದ್ದರೆ ಅದೇ ಜಾತಿಯ ಉದ್ದನೆಯ ಸ್ಲಾಟಿನಲ್ಲೂ ಕೂರುತ್ತದೆ. ಹಳೆಯ ಪಿಸಿಐ ಮಾತ್ರ ಬೇರೆಯೇ ಜಾತಿ. ಹೆಸರು ಹತ್ತಿರ ಇದೆ ಎಂದು ನಾನೊಮ್ಮೆ ಸೆಕೆಂಡ್‌ಹ್ಯಾಂಡ್ ಪಿಸಿಐ ಕಾರ್ಡ್ ತಂದಿದ್ದೆ, ಹೊಸ ಬೋರ್ಡಿನಲ್ಲಿ ಅದನ್ನು ಇಡಲು ಜಾಗವೇ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ದಪ್ಪಗಿದ್ದರೆ ಪಕ್ಕದ ಸಣ್ಣ ಸ್ಲಾಟನ್ನು ಮುಚ್ಚಿಬಿಟ್ಟಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಾಡು ಕೇಳುವುದು, ಆಟ ಆಡುವುದು, 5.1 ಸ್ಪೀಕರ್ ಜೋಡಿಸುವುದು ಉದ್ದೇಶವಾದರೆ ಒಳಗಿನ ಕಾರ್ಡ್ ಒಳ್ಳೆಯದು. ದನಿ ರೆಕಾರ್ಡ್ ಮಾಡುವುದು ಉದ್ದೇಶವಾದರೆ ನಾನು ಎರಡು ಸಲ ಯೋಚಿಸದೆ ಯುಎಸ್‌ಬಿ ಕಡೆ ಹೋಗುತ್ತೇನೆ.

ಯುಎಸ್‌ಬಿಯಲ್ಲೂ ತರಾವರಿ ಇವೆ. ಬೆರಳುದ್ದದ ಅಗ್ಗದ ಡಾಂಗಲ್ ಕೇಳುವುದಕ್ಕೆ ನಡೆಯುತ್ತದೆ. ಆದರೆ ಅವುಗಳಲ್ಲಿ ಬಹುತೇಕಕ್ಕೆ ಇರುವುದು ಮೈಕಿನ ತೂತು ಮಾತ್ರ, ಅದೂ ಮೋನೊ, ಅಂದರೆ ಒಂದೇ ಚಾನೆಲ್ಲಿನದು. ನಾನು ಮೊದಲು ತಂದದ್ದು ಅದನ್ನೇ. "ಎಲ್ಲಾ ಆಗ್ತೈತೆ ತಗಳ್ರಿ ಸಾರ್" ಎಂದು ಅಂಗಡಿಯವರು ಕೊಟ್ಟಿದ್ದರು. ಟೇಪಿನ ದನಿ ಅದರಲ್ಲಿ ಒಡೆದು, ಹಪ್ಪಳ ಮುರಿದ ಹಾಗೆ ಕೇಳಿಸಿತು. ಕಾರಣ ಇಷ್ಟು: ಮೈಕಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಕೆಲವೇ ಸಾವಿರದ ಒಂದಂಶ ವೋಲ್ಟ್. ಆದ್ದರಿಂದ ಗುಲಾಬಿ ಬಣ್ಣದ ಮೈಕ್ ತೂತಿನ ಹಿಂದೆ ಅದನ್ನು ನೂರಾರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಕೂತಿರುತ್ತದೆ. ಟೇಪ್ ಡೆಕ್‌ನ ಲೈನ್ ಔಟ್‌ನಿಂದ ಬರುವ ಸಿಗ್ನಲ್ ಆಗಲೇ ದೊಡ್ಡದು. ಅದನ್ನು ಮತ್ತೆ ಹಿಗ್ಗಿಸಲು ಹೋದರೆ ದನಿ ಒಡೆಯದೆ ಇನ್ನೇನಾಗುತ್ತದೆ? ಮೊದಲ ಕ್ಯಾಸೆಟ್ಟಿನಲ್ಲಿ ನನ್ನಿಂದ ಆದದ್ದೂ ಇದೇ ತಪ್ಪು. ಒಡೆಯದಿರಲಿ ಎಂದು ಟೇಪಿನ ವಾಲ್ಯೂಮ್ ತೀರಾ ತಗ್ಗಿಸಿ, ಗುಲಾಬಿ ತೂತಿಗೆ ಚುಚ್ಚಿದ್ದೆ. ದನಿ ಸಣ್ಣದಾಯಿತು, ಬೋರ್ಡಿನ ಚಿರ್ ಚಿರ್ ಸದ್ದು ದನಿಗೆ ಸಮವಾಗಿ ಹಿಗ್ಗಿತು, ಹಾರ್ಮೋನಿಯಮ್ಮಿನ ತಿದಿ ಅದರೊಳಗೆ ಮುಳುಗಿಹೋಯಿತು.

ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಿಟ್ಟಿನದಲ್ಲ, ಹರ್ಟ್ಸಿನದಲ್ಲ. "ಸ್ಟೀರಿಯೊ ಲೈನ್ ಇನ್ ಇದೆಯಾ?" ಎಂದು ಕೇಳಿ. ಲೈನ್ ಇನ್ ಅಂದರೆ ಟೇಪ್ ಡೆಕ್‌ನಂಥವುಗಳ ದೊಡ್ಡ ಸಿಗ್ನಲ್ಲಿಗೆ ತಕ್ಕ ತೂತು. ಬೆರಿಂಜರ್ ಯುಸಿಎ 222 ತರಹದ ಸಾದಾ ಡಬ್ಬಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ತೂತುಗಳಿರುತ್ತವೆ, ಕ್ಯಾಸೆಟ್ ಡೆಕ್ಕಿಗೆ ನೇರ ಹೊಂದುತ್ತವೆ. ಅದು 16 ಬಿಟ್ಟಿನದು. ಕ್ಯಾಸೆಟ್ಟಿಗೆ ಅಷ್ಟು ಧಾರಾಳ ಸಾಕು, ಯಾಕೆಂದರೆ ಟೇಪಿಗೆ ತನ್ನದೇ ಆದ ಹಿಸ್ ಇರುತ್ತದೆ. ಮೈಕಿನಲ್ಲಿ ಹಾಡಿ, ಮಾತಾಡಿ ರೆಕಾರ್ಡ್ ಮಾಡುವವರು ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮೈಕ್ ತೂತು, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್ ಇರುವ ಆಡಿಯೊ ಇಂಟರ್‌ಫೇಸ್ ತೆಗೆದುಕೊಳ್ಳಬೇಕು. ಡಬ್ಬದ ಮೇಲೆ 32 ಬಿಟ್, 384 ಕಿಲೋಹರ್ಟ್ಸ್ ಎಂದೆಲ್ಲ ದೊಡ್ಡಕ್ಷರದಲ್ಲಿ ಇರುತ್ತದೆ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಆ ಅಂಕಿಗಳಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.

ಕೂರಿಸುವುದು

ಒಳಗಿನ ಕಾರ್ಡಾದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ವೈರನ್ನೇ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಚಾಪೆ ಬೇಡ. ಫೆಬ್ರವರಿಯಿಂದಾಚೆಗೆ ನಮ್ಮ ಕಡೆ ಗಾಳಿ ಒಣಗಿ ಮೈಯಲ್ಲಿ ಸ್ಟ್ಯಾಟಿಕ್ ಜಾಸ್ತಿ. ಕಾರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಯವರಿಗೆ ಒಳಗೆ ಕರೀ ಮಸಿ ಸಿಕ್ಕರೆ ಆಶ್ಚರ್ಯವಿಲ್ಲ.

ಸ್ಲಾಟಿನ ಎದುರಿನ ತಗಡು ಬಿಚ್ಚಿ, ಕಾರ್ಡನ್ನು ನೆಟ್ಟಗೆ ಹಿಡಿದು ಎರಡೂ ತುದಿಗೆ ಸಮನಾಗಿ ಒತ್ತಿ, ಸ್ಕ್ರೂ ಹಾಕಿ. ಗ್ರಾಫಿಕ್ಸ್ ಕಾರ್ಡಿನಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು. ಮುಂಭಾಗದ ಹೆಡ್‌ಫೋನ್ ತೂತೂ ಹೊಸ ಕಾರ್ಡಿನಿಂದಲೇ ಕೆಲಸ ಮಾಡಬೇಕೆಂದರೆ, ಮದರ್‌ಬೋರ್ಡಿನಲ್ಲಿ ಎಚ್‌ಡಿ ಆಡಿಯೊ ಎಂದು ಬರೆದಿರುವ ಕಡೆಯಿಂದ ಆ ವೈರು ಕಿತ್ತು ಕಾರ್ಡಿನ ಮೇಲಿನ ಅಂಥದೇ ಪಿನ್ನುಗಳಿಗೆ ಹಾಕಿ. ಎರಡು ಸಾಲಿನಲ್ಲಿ ಒಟ್ಟು 9 ಪಿನ್, ಒಂದು ಪಿನ್ನಿನ ಜಾಗ ಖಾಲಿ. ಹಾಗಾಗಿ ತಿರುಗುಮುರುಗು ಹಾಕಲು ಬರುವುದಿಲ್ಲ. ಕೆಲವು ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಪವರ್ ವೈರೂ ಬೇಕು.

ಯುಎಸ್‌ಬಿ ಡಬ್ಬಿಯನ್ನು ಕ್ಯಾಬಿನೆಟ್ಟಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚಿ, ಹಬ್ ಬೇಡ.

ವಿಂಡೋಸ್‌ನಲ್ಲಿ ಸರಿಪಡಿಸುವುದು

ಒಳಗಿನ ಕಾರ್ಡಿನ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಸಾದಾ ಯುಎಸ್‌ಬಿ ಡಬ್ಬಿಗಳು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಡ್ರೈವರ್ ಇಲ್ಲದೆಯೇ ಎದ್ದು ಕೂರುತ್ತವೆ. ಮೂಲೆಯ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಔಟ್‌ಪುಟ್ ಮತ್ತು ಇನ್‌ಪುಟ್ ಎರಡರಲ್ಲೂ ಹೊಸ ಕಾರ್ಡನ್ನೇ ಆರಿಸಿ. ಹಳೆಯ ಚಿಪ್ ಪದೇ ಪದೇ ಅಡ್ಡ ಬಂದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗಿನಲ್ಲಿ) ಆನ್‌ಬೋರ್ಡ್ ಆಡಿಯೊ ಎಂಬುದನ್ನು ಡಿಸೇಬಲ್ ಮಾಡಬಹುದು.

ಇನ್‌ಪುಟ್‌ನ ಪ್ರಾಪರ್ಟೀಸ್‌ನಲ್ಲಿ 2 ಚಾನೆಲ್ ಇದೆಯೇ ನೋಡಿ. ಕೆಲವೊಮ್ಮೆ ತಾನಾಗಿ 1 ಚಾನೆಲ್ ಆಗಿ ಕೂತಿರುತ್ತದೆ. ಅಲ್ಲೇ ಎನ್‌ಹಾನ್ಸ್‌ಮೆಂಟ್ಸ್ ಎಂದಿರುವುದನ್ನೆಲ್ಲ ಆಫ್ ಮಾಡಿ. ಮಾತಿಗಾಗಿ ಮಾಡಿದ ಆ ಸವಲತ್ತು ಹಾರ್ಮೋನಿಯಮ್ಮಿನ ಎಳೆದ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಲು ಹೊರಡುತ್ತದೆ.

ಗುಂಯ್ ಅಂದರೆ ಅರ್ಥಿಂಗ್ ನೋಡಿ

ಹೊಸ ಕಾರ್ಡ್ ಹಾಕಿದ ಮೇಲೂ ಒಂದೇ ಶ್ರುತಿಯ ಗುಂಯ್ ಸದ್ದು ಉಳಿದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್. ಟೇಪ್ ಒಂದು ಕಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದು ಕೋಣೆಯ ಪ್ಲಗ್ಗಿನಲ್ಲಿ ಇದ್ದರೆ ಎರಡೂ ಅರ್ಥ್‌ಗಳ ನಡುವೆ ಸಣ್ಣ ಕರೆಂಟ್ ಹರಿದು ಆಡಿಯೊ ವೈರಿನಲ್ಲಿ ಕೇಳಿಸುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಮನೆಯ ಅರ್ಥಿಂಗನ್ನೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎರೆಮಣ್ಣು ತೇವ ಹಿಡಿಯುವುದರಿಂದ ಅಲ್ಲಿ ಅರ್ಥ್ ಚೆನ್ನಾಗಿ ಸಿಗುತ್ತದೆ. ಚಿತ್ರದುರ್ಗದ ಕಲ್ಲುನೆಲದಲ್ಲಿ ಅರ್ಥ್ ಗುಂಡಿ ಎಷ್ಟು ಆಳ ತೋಡಿದರೂ ಸಾಲದೆನಿಸಬಹುದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಗುಂಯ್ ನಿಲ್ಲಲೆಂದು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ.

ಕ್ಯಾಸೆಟ್ ಇಳಿಸುವುದು

ಟೇಪಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಒತ್ತಿ, ಆಟದಲ್ಲಿ ಅತಿ ಜೋರಾಗಿರುವ ಭಾಗ ಹಾಕಿ ನೋಡಿ. ಮೀಟರು ಸೊನ್ನೆ ಮುಟ್ಟಬಾರದು, ಮೈನಸ್ 6 ಡೆಸಿಬಲ್ ಹತ್ತಿರ ನಿಂತರೆ ಸರಿ. ಸೊನ್ನೆ ದಾಟಿ ಒಡೆದ ದನಿಯನ್ನು ಆಮೇಲೆ ಯಾರೂ ಜೋಡಿಸಲಾರರು. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಕ್ಯಾಸೆಟ್ಟಿಗೆ ಒಂದು ಜಿಬಿಯೊಳಗೆ. ಎಂಪಿ3 ಬೇಕಾದರೆ ಆಮೇಲೆ ಮಾಡಿಕೊಳ್ಳಿ, ಮೂಲವನ್ನು ಎರಡು ಬೇರೆ ಡಿಸ್ಕಿನಲ್ಲಿಡಿ.

ಲೈನ್ ಇನ್ ಇರುವ ಡಬ್ಬಿ ಬಂದ ಮೇಲೆ ಮೊದಲ ಕ್ಯಾಸೆಟ್ಟನ್ನು ಮತ್ತೆ ಇಳಿಸಿದೆ. ಜೀರುಂಡೆ ಹೋಗಿತ್ತು. ಸ್ವರ ಶುರುವಾಗುವ ಮುಂಚಿನ ಒಂದು ಚಣ ಮೆಲ್ಲಗೆ ಗಾಳಿ ತುಂಬುವುದು, ಸ್ವರದ ಮನೆ ಒತ್ತಿದಾಗ ಕಟ್ಟಿಗೆಗೆ ಕಟ್ಟಿಗೆ ತಾಗುವುದು ಎಲ್ಲ ಕೇಳಿಸಿತು. ಆದರೆ ಎಡಗಡೆಯಿಂದ ಒಂದು ಸುಯ್ ಸದ್ದು ಮಾತ್ರ ಆಗಾಗ ಬಂದು ಹೋಗುತ್ತಿತ್ತು. ಅದನ್ನು ಆಡಾಸಿಟಿಯ ನಾಯ್ಸ್ ರಿಡಕ್ಷನ್‌ನಿಂದ ತೆಗೆದುಬಿಡೋಣ ಎಂದುಕೊಂಡು, ಅದಕ್ಕೂ ಮೊದಲು ಚಿಕ್ಕಪ್ಪನಿಗೆ ಕೇಳಿಸಿದೆ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಕೂತರು.

"ಸುಯ್ ಅಂತೈತಲ್ಲ, ಅದು ತಿದಿ ಹರಿದಿದ್ದು. ಆಟ ಶುರುವಾಗೋಕೆ ಮುಂಚೆ ಮೈದಾ ಅಂಟು ಹಚ್ಚಿ ಕಾಗದ ಮೆತ್ತಿದ್ವಿ, ನಡುರಾತ್ರಿಗೆ ಬಿಚ್ಕೊಂಡಿತ್ತು. ಬೆಳಗಿನ ತನಕ ಹಂಗೇ ನುಡಿಸಿದೀನಿ."

ನಾಯ್ಸ್ ರಿಡಕ್ಷನ್ ಮುಟ್ಟಲಿಲ್ಲ. ಎರಡನೇ ಕ್ಯಾಸೆಟ್ ಹಾಕಿದೆ.