ಹಳೇ ಪೈಥಾನ್ ಕೋಡ್‌ಗೆ ಒಂದೇ ಏಟಿಗೆ ಬ್ಲ್ಯಾಕ್ ಹಾಕಿದ ಅನುಭವ

ಪೈಥಾನ್ ಕೋಡಿನ ಸ್ಪೇಸ್, ಕೋಟ್, ಸಾಲಿನ ಉದ್ದವನ್ನೆಲ್ಲ ತಾನೇ ಒಂದೇ ಥರ ಮಾಡೋ ಟೂಲ್ ಬ್ಲ್ಯಾಕ್. ಅದನ್ನು ಹಳೇ ಕೋಡಿನ ಮೇಲೆ ಒಂದೇ ಸಲ ಓಡಿಸೋಣ ಅಂದಾಗ, "ಆಗಲ್ಲ, ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಅಂತ ತೋರಿಸೋದು) ಪೂರ್ತಿ ಹಾಳಾಗುತ್ತೆ" ಅಂತ ಟೀಮಿನ ಸೀನಿಯರ್‌ಗಳೆಲ್ಲ ಹೇಳಿದ್ದರು. ಆಯ್ತು ನೋಡಿ. ಹೆಚ್ಚುಕಮ್ಮಿ 1.5 ಲಕ್ಷ ಸಾಲಿನ ಬಿಲ್ಲಿಂಗ್ ಕೋಡ್ ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ದಾಖಲಾಗೋ ಬದಲಾವಣೆ) ಫಾರ್ಮ್ಯಾಟ್ ಆಗಿ ವರ್ಷದ ಮೇಲಾಯ್ತು, ಅದರಿಂದ ಒಂದು ಇನ್‌ವಾಯ್ಸ್ ಕೂಡ ತಪ್ಪಿಲ್ಲ.

ಇದಕ್ಕೆ ಮುಂಚೆ ಎರಡು ದಾರಿ ಕೈಕೊಟ್ಟಿದ್ದವು. ಪೈಥಾನ್ ಕೋಡಿನ ಅಧಿಕೃತ ಶೈಲಿ ಕೈಪಿಡಿ ಪೆಪ್ 8 ಅನ್ನು ಚಿಕ್ಕದು ಮಾಡಿ ವಿಕಿಯಲ್ಲಿ ಹಾಕಿದೆವು, ಹೊಸಬರು ಬಿಟ್ಟು ಯಾರೂ ಓದಲಿಲ್ಲ. ಆಮೇಲೆ ಶೈಲಿಯ ತಪ್ಪು ಹುಡುಕಿ ಹೇಳೋ ಫ್ಲೇಕ್8 ತಂದೆವು. ನಾಲ್ಕೈದು ಸಾವಿರ ವಾರ್ನಿಂಗ್ ಬಂತು, ಸ್ವಲ್ಪ ದಿನಕ್ಕೆ ಅದನ್ನು ಸಿಐಯಿಂದಲೇ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸೋ ವ್ಯವಸ್ಥೆ) ತೆಗೆದುಬಿಟ್ಟರು. ಸಿಂಗಲ್ ಕೋಟ್ ಬೇಕಾ ಡಬಲ್ ಬೇಕಾ ಅಂತ ರಿವ್ಯೂನಲ್ಲಿ ಜಗಳ ಮಾತ್ರ ನಿಲ್ಲಲಿಲ್ಲ. ಆ ಜಗಳಕ್ಕೆ ಹೋಗೋ ಗಂಟೆಗಳನ್ನು ಸಂಬಳಕ್ಕೆ ಗುಣಿಸಿದೆ. ತಿಂಗಳಿಗೆ 50 ಸಾವಿರದ ಹತ್ತಿರ ಬಂತು. ಈ ಲೆಕ್ಕ ತೋರಿಸಿದ ಮೇಲೇ ಮ್ಯಾನೇಜರ್ ಒಪ್ಪಿದ್ದು.

ರಿಲೀಸ್ ಮುಗಿದ ಶುಕ್ರವಾರ ಸಂಜೆ ಓಡಿಸಿದೆವು. ಆ ಕಮಿಟ್‌ನಲ್ಲಿ ಕೈಯಿಂದ ಮಾಡಿದ ಬದಲಾವಣೆ ಒಂದಕ್ಷರವೂ ಇರಬಾರದು. ಬ್ಲ್ಯಾಕ್ ತಾನೇ ಹಳೇ ಮತ್ತು ಹೊಸ ಕೋಡಿನ ಎಎಸ್‌ಟಿ (ಸ್ಪೇಸ್, ಸಾಲು ಲೆಕ್ಕಿಸದ ಕೋಡಿನ ಅಸಲಿ ರಚನೆ) ಹೋಲಿಸಿ ನೋಡುತ್ತೆ, ಹಾಗಾಗಿ ಅವಸರಕ್ಕೆ ಫಾಸ್ಟ್ ಫ್ಲ್ಯಾಗ್ ಹಾಕಿ ಅದನ್ನು ಆಫ್ ಮಾಡಬೇಡಿ. ಕಮಿಟ್‌ನ ಹ್ಯಾಶ್ (ಗುರುತಿನ ಕೋಡ್) ಅನ್ನು ಇಗ್ನೋರ್-ರೆವ್ಸ್ ಫೈಲಿಗೆ, ಅಂದ್ರೆ ಬ್ಲೇಮ್ ಲೆಕ್ಕಕ್ಕೆ ತಗೊಳ್ಳಬಾರದ ಕಮಿಟ್‌ಗಳ ಪಟ್ಟಿಗೆ, ಹಾಕಿದರೆ ಬ್ಲೇಮ್ ಸಮಸ್ಯೆ ಮುಗೀತು. ಗಿಟ್ 2.23ರಿಂದ, ಅಂದ್ರೆ 2019ರಿಂದಲೇ ಇದು ಇದೆ. ಆದರೆ ಪ್ರತಿ ಲ್ಯಾಪ್‌ಟಾಪಲ್ಲೂ ಕಾನ್ಫಿಗ್ ಹಾಕಬೇಕು, ನಾವು ಅದನ್ನು ಸೆಟಪ್ ಸ್ಕ್ರಿಪ್ಟಿಗೇ ಸೇರಿಸಿದೆವು. ಇನ್ನೂ ಮುಖ್ಯ ಕೋಡಿಗೆ ಸೇರದೆ ಬಾಕಿ ಇದ್ದ 20-25 ಬ್ರಾಂಚ್‌ಗಳನ್ನು ಕಾನ್‌ಫ್ಲಿಕ್ಟ್ ಇಲ್ಲದೆ ಈಚೆ ತಂದ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ರಾನೇ ಇರಲಿ, ಅದಕ್ಕೆ ಸುಮಾರು ರಾತ್ರಿ ನಿದ್ದೆಗೆಟ್ಟಿದ್ದೀನಿ.

ಸಾಲಿನ ಉದ್ದದಲ್ಲೂ ಒಂದಿಷ್ಟು ಆಟ ಆಡಿದೆ. ಸಾಲಿಗೆ 79 ಅಕ್ಷರ ಇಟ್ಟರೆ ನಮ್ಮ ಉದ್ದುದ್ದ ಹೆಸರುಗಳಿಗೆ ಪ್ರತಿ ಫಂಕ್ಷನ್ ಕಾಲ್ ಕೂಡ ನಾಲ್ಕು ಸಾಲಾಗುತ್ತಿತ್ತು. 120 ಇಟ್ಟರೆ ಅಕ್ಕಪಕ್ಕ ಡಿಫ್ (ಹಳೇ-ಹೊಸ ಕೋಡಿನ ವ್ಯತ್ಯಾಸ) ನೋಡೋಕೆ ಕಷ್ಟ. ಕೊನೆಗೆ ಬ್ಲ್ಯಾಕ್‌ನ ಡಿಫಾಲ್ಟ್ ಆದ 88ಕ್ಕೇ ಬಂದೆವು. ಜಿಎಸ್‌ಟಿ ದರಗಳ ಟೇಬಲ್ ಒಂದನ್ನು ಮಾತ್ರ ಎಫ್‌ಎಮ್‌ಟಿ ಆಫ್ (ಇಲ್ಲಿ ಮುಟ್ಟಬೇಡ ಅಂತ ಬ್ಲ್ಯಾಕ್‌ಗೆ ಹೇಳೋ ಕಾಮೆಂಟ್) ಹಾಕಿ ಉಳಿಸಿಕೊಂಡಿದ್ದೀನಿ. ದರಗಳು ಒಂದರ ಕೆಳಗೊಂದು ಸಾಲಾಗಿ ಕೂತಿದ್ದರೇನೇ ತಪ್ಪು ಕಣ್ಣಿಗೆ ಬೀಳೋದು, ಬ್ಲ್ಯಾಕ್ ಆ ಸ್ಪೇಸ್‌ಗಳನ್ನೆಲ್ಲ ತಿಂದುಬಿಡುತ್ತೆ.

ಬ್ಲ್ಯಾಕ್ ವರ್ಷನ್ ಪಿನ್ ಮಾಡೋದು (ಎಲ್ಲರಿಗೂ ಒಂದೇ ವರ್ಷನ್ ಇಡೋದು) ಮರೀಬೇಡಿ, ಇಲ್ಲಾಂದ್ರೆ ಎರಡು ಲ್ಯಾಪ್‌ಟಾಪ್ ಎರಡು ಥರ ಡಿಫ್ ಕೊಡುತ್ತವೆ. ಈಗ ಒಂದು ಚಿಕ್ಕ ಸರ್ವೀಸ್ ಮೇಲೆ ಬ್ಲ್ಯಾಕ್ ಥರದ್ದೇ ಇನ್ನೊಂದು ಟೂಲ್ ರಫ್ ಓಡಿಸುತ್ತಿದ್ದೀನಿ. ಔಟ್‌ಪುಟ್ ಹೆಚ್ಚುಕಮ್ಮಿ ಅದೇ, ವೇಗ ತುಂಬಾ ಜಾಸ್ತಿ.