ಕಾಲುವೆಗೆ ಹೋದ ತೋಟ ಮತ್ತು ಕ್ರಯಪತ್ರಗಳ ಲೆಕ್ಕ

ತಿಪಟೂರು ಸೀಮೆಯಲ್ಲಿರುವ ನಮ್ಮ ತೆಂಗಿನ ತೋಟದ ಒಂದು ಭಾಗ ನೀರಾವರಿ ಕಾಲುವೆಗಾಗಿ ಭೂಸ್ವಾಧೀನಕ್ಕೆ ಒಳಪಟ್ಟಾಗ, ಅಧಿಸೂಚನೆ ಯಾವ ಕಾಯ್ದೆಯಡಿ ಹೊರಟಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ರಾಷ್ಟ್ರೀಯ ಹೆದ್ದಾರಿಗೆ 1956ರ ಕಾಯ್ದೆಯಡಿ ಭೂಮಿ ಪಡೆದರೆ ಆಕ್ಷೇಪಣೆಗೆ ಸಿಗುವುದು 21 ದಿನ ಮಾತ್ರ. ನಮ್ಮದು 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆಯಾಗಿದ್ದರಿಂದ 60 ದಿನಗಳ ಅವಕಾಶವಿತ್ತು.

ಯೋಜನೆಯನ್ನೇ ನಿಲ್ಲಿಸಬೇಕೆಂದು ಊರಿನಲ್ಲಿ ಕೆಲವರು ಹೇಳುತ್ತಿದ್ದರು. ಆದರೆ 1978ರ 44ನೇ ತಿದ್ದುಪಡಿಯ ನಂತರ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. ಸಂವಿಧಾನದ 300ಎ ವಿಧಿಯು ಕಾನೂನಿನ ಆಧಾರವಿಲ್ಲದೆ ಆಸ್ತಿ ಕಿತ್ತುಕೊಳ್ಳುವುದನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ನಾನು ದಾಖಲೆ ಮತ್ತು ದರಗಳ ಮೇಲೆಯೇ ಗಮನ ಇಟ್ಟೆ. ಪಹಣಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದುದರಿಂದ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ಬದಲಿಸಿಕೊಂಡೆವು. ಜಂಟಿ ಅಳತೆಯ ದಿನ ಭೂಮಾಪಕರ ಜೊತೆಗೇ ನಡೆದು, ಫಸಲು ಕೊಡುವ ಮರ, ಎಳೆಯ ಗಿಡ, ಕೊಳವೆ ಬಾವಿ ಎಲ್ಲವೂ ಮಹಜರಿನಲ್ಲಿ ಬರುವವರೆಗೆ ಸಹಿ ಹಾಕಲಿಲ್ಲ.

ನಿಜವಾದ ಕೆಲಸವಿದ್ದುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. 26ನೇ ಕಲಮಿನ ಪ್ರಕಾರ, ಮಾರ್ಗಸೂಚಿ ದರ (ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ಬೆಲೆ) ಹಾಗೂ ಸುತ್ತಮುತ್ತಲ ಅಂಥದೇ ಜಮೀನುಗಳ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಸರಾಸರಿ, ಇವೆರಡರಲ್ಲಿ ಹೆಚ್ಚಿನದನ್ನು ಮಾರುಕಟ್ಟೆ ಬೆಲೆಯೆಂದು ಹಿಡಿಯಬೇಕು. ಸರಾಸರಿ ತೆಗೆಯುವಾಗಲೂ ಹೆಚ್ಚು ಬೆಲೆ ನಮೂದಾದ ಅರ್ಧದಷ್ಟು ಕ್ರಯಪತ್ರಗಳನ್ನೇ ಪರಿಗಣಿಸಬೇಕು. ಅಧಿಕಾರಿಗಳು ಸಿದ್ಧಪಡಿಸಿದ ಪಟ್ಟಿಯಲ್ಲಿ ಪಕ್ಕದ ಗ್ರಾಮದ ಬಾಗಾಯ್ತು (ತೋಟದ) ಜಮೀನುಗಳ ಮಾರಾಟಗಳು ಇರಲಿಲ್ಲ. ಅವುಗಳ ದೃಢೀಕೃತ ನಕಲುಗಳನ್ನು ಪಡೆದು ಆಕ್ಷೇಪಣೆಗೆ ಲಗತ್ತಿಸಿದೆ. ಆ ಪತ್ರಗಳನ್ನು ತಿರುವಿಹಾಕುವಾಗ ನಮ್ಮೂರಿನವರ ಜಾಣತನವೂ ಬಯಲಾಯಿತು: ಮುದ್ರಾಂಕ ಶುಲ್ಕ ಉಳಿಸಲು ಬಹುತೇಕರು ಕೊಟ್ಟ ಹಣಕ್ಕಿಂತ ತೀರಾ ಕಡಿಮೆ ಮೊತ್ತ ಬರೆಸಿದ್ದರು, ಈಗ ಅದೇ ಮೊತ್ತ ಇಡೀ ಊರಿನ ಪರಿಹಾರವನ್ನು ಕೆಳಗೆಳೆಯುತ್ತಿತ್ತು. ಮಾರುಕಟ್ಟೆ ಬೆಲೆಯನ್ನು ಗುಣಿಸುವ ಗ್ರಾಮೀಣ ಪ್ರದೇಶದ ಗುಣಕವಾಗಲಿ, ಪರಿಹಾರದಷ್ಟೇ ಹಣವನ್ನು ಹೆಚ್ಚುವರಿಯಾಗಿ ಕೊಡುವ ಶೇ 100ರ ಸಾಂತ್ವನ ಮೊತ್ತವಾಗಲಿ ಈ ಮೂಲ ಬೆಲೆಯ ಮೇಲೆಯೇ ನಿಲ್ಲುತ್ತವೆಯಾದ್ದರಿಂದ, ಇಲ್ಲಿ ಕಡಿಮೆಯಾದದ್ದು ಮುಂದೆ ಎಲ್ಲಿಯೂ ತುಂಬಿಬರುವುದಿಲ್ಲ.

ಐತೀರ್ಪಿನಲ್ಲಿ, ಅಂದರೆ ಪರಿಹಾರ ನಿಗದಿಪಡಿಸಿದ ಅಧಿಕಾರಿಗಳ ಆದೇಶದಲ್ಲಿ, ನಾನು ಕೊಟ್ಟ ಕ್ರಯಪತ್ರಗಳ ಪೈಕಿ ಕೆಲವನ್ನಷ್ಟೇ ಒಪ್ಪಲಾಗಿತ್ತು. ಹಣ ಪಡೆಯುವಾಗ, ಮೊತ್ತ ಸಾಲದೆಂಬ ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆಂದು ರಸೀದಿಯಲ್ಲೇ ಬರೆದೆ, ಏಕೆಂದರೆ 77ನೇ ಕಲಮಿನ ಪ್ರಕಾರ ಹಾಗೆ ಬರೆಯದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೋರುವ 64ನೇ ಕಲಮಿನ ಅರ್ಜಿ ಹಾಕುವ ಹಕ್ಕಿರುವುದಿಲ್ಲ. ಐತೀರ್ಪು ನೀಡುವಾಗ ಹಾಜರಿದ್ದವರಿಗೆ ಆ ಅರ್ಜಿಗೆ ಆರು ವಾರಗಳ ಗಡುವು. ನಾನು ಅದರೊಳಗೇ ಸಲ್ಲಿಸಿದೆ, ಪ್ರಕರಣವೀಗ ಇಂಥ ತಕರಾರುಗಳನ್ನು ತೀರ್ಮಾನಿಸುವ ಪ್ರಾಧಿಕಾರದ ಮುಂದಿದೆ. ಅಲ್ಲಿ ದರ ಹೆಚ್ಚಾದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡು ಅರ್ಜಿ ಹಾಕದೆ ಉಳಿದ ನೆರೆಯವರೂ 73ನೇ ಕಲಮಿನಡಿ ಮೂರು ತಿಂಗಳೊಳಗೆ ಅದೇ ಆಧಾರದ ಮೇಲೆ ಮರುನಿಗದಿ ಕೇಳಬಹುದು. ಅವರ ಸರ್ವೆ ನಂಬರುಗಳ ಪಟ್ಟಿಯನ್ನು ಈಗಾಗಲೇ ತಯಾರಿಸಿ ಇಟ್ಟಿದ್ದೇನೆ.